‘ಸರ್ವರ್ ಇಲ್ಲ’ ಎನ್ನುವ ಮುನ್ನ: ದತ್ತಾಂಶ ಸಂಗ್ರಹ ಜಾಲದ ನಿಗಾ ಮತ್ತು ಜಿಲ್ಲೆಯ ವಾಣಿಜ್ಯ

ಚಿಕ್ಕಬಳ್ಳಾಪುರ ಜಿಲ್ಲೆ 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಕಾಲಕ್ಕೆ ಇಲ್ಲಿನ ಬಹುಪಾಲು ಅಂಗಡಿಗಳಲ್ಲಿ ಕೈಬರಹದ ಚೀಟಿ ಮತ್ತು ಖಾತೆ ಪುಸ್ತಕಗಳದೇ ಆಳ್ವಿಕೆಯಾಗಿತ್ತು. ಇಂದು ಚಿತ್ರ ಸಂಪೂರ್ಣ ಬದಲಾಗಿದೆ. ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರ್‌ಗಳು ಬೆಲೆಯನ್ನು ಕೂಗುವುದಿಲ್ಲ, ಮೊಬೈಲ್ ಫೋನಿನಲ್ಲಿ ನಮೂದಿಸುತ್ತಾರೆ. ರಾಜ್ಯದ ಕೃಷಿ ಮಾರುಕಟ್ಟೆಗಳಿಗೆ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದ ಮೇಲೆ ಚಿಂತಾಮಣಿಯ ಸಗಟು ವ್ಯಾಪಾರಿಯ ಲೆಕ್ಕವೂ ಗೌರಿಬಿದನೂರಿನ ಕಾರ್ಖಾನೆಯ ಲೆಕ್ಕವೂ ಒಂದೇ ಜಾಲಕ್ಕೆ ಸೇರಿದವು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಇಲ್ಲದೆ ಐವತ್ತು ಸಾವಿರ ರೂಪಾಯಿಗೆ ಮೀರಿದ ಸರಕು ಸಾಮಾನ್ಯವಾಗಿ ರಸ್ತೆಗಿಳಿಯುವಂತಿಲ್ಲ. 2023ರ ಆಗಸ್ಟ್ 1ರಿಂದ ವಾರ್ಷಿಕ ಐದು ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟುಳ್ಳವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ.

ಈ ಬದಲಾವಣೆಯೊಂದಿಗೆ ಎರಡು ಪದಗಳ ಒಂದು ವಾಕ್ಯವೂ ವ್ಯಾಪಾರಿಯ ದಿನಚರಿಯೊಳಗೆ ಪ್ರವೇಶಿಸಿದೆ. ಅದೇ ‘ಸರ್ವರ್ ಇಲ್ಲ’ ಎಂಬುದು. ಬ್ಯಾಂಕಿನ ಕಿಟಕಿಯಲ್ಲಿ, ನೋಂದಣಿ ಕಚೇರಿಯಲ್ಲಿ, ಮಾರುಕಟ್ಟೆಯ ಅಂಗಳದಲ್ಲಿ ಈ ಮಾತು ಕೇಳಿಬಂದಾಗ ಎಲ್ಲರೂ ಅದನ್ನು ಮಳೆ, ಬಿಸಿಲುಗಳಂತೆ ದೈವಾಧೀನವೆಂದು ಒಪ್ಪಿಕೊಂಡು ಕಾಯುತ್ತಾರೆ. ಆದರೆ ಅದು ದೈವಾಧೀನವಲ್ಲ. ಅನೇಕ ಸಂದರ್ಭಗಳಲ್ಲಿ ಸರ್ವರ್ ಕೆಟ್ಟಿರುವುದೂ ಇಲ್ಲ. ಸರ್ವರ್‌ಗೂ ಅದರ ದತ್ತಾಂಶ ಇರುವ ಡಿಸ್ಕ್ ಭಂಡಾರಕ್ಕೂ ನಡುವಿನ ದಾರಿ ಕೆಟ್ಟಿರುತ್ತದೆ. ಆ ದಾರಿಯ ನಡುವೆ ಕುಳಿತ ಸ್ವಿಚ್ ಎಂಬ ಸಾಧನ ಆ ಕೆಡುಕನ್ನು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಮೊದಲೇ ಎಣಿಸಿ ಬರೆದಿಟ್ಟಿರುತ್ತದೆ. ಆ ಬರಹವನ್ನು ಓದುವ ವ್ಯವಸ್ಥೆ ಇಲ್ಲದಿರುವುದೇ ನಿಜವಾದ ಕೊರತೆ. ಅಂತಹ ವ್ಯವಸ್ಥೆಯನ್ನು ಉದ್ದಿಮೆದಾರರು ತಮ್ಮಲ್ಲಿ ರೂಢಿಸಿಕೊಳ್ಳಬೇಕು. ತಾವು ಅವಲಂಬಿಸಿರುವ ಸಂಸ್ಥೆಗಳಿಂದ ವರ್ತಕರು ಅದನ್ನು ಹಕ್ಕಿನಿಂದ ಕೇಳಬೇಕು.

ಕಾಯಲಾಗದ ಸರಕು

ದೊಡ್ಡ ನಗರದ ಕಚೇರಿಯೊಂದರಲ್ಲಿ ಗಣಕ ವ್ಯವಸ್ಥೆ ಮೂರು ಗಂಟೆ ನಿಂತರೆ ಕೆಲಸ ಮರುದಿನಕ್ಕೆ ಮುಂದೂಡಲ್ಪಡಬಹುದು. ಈ ಜಿಲ್ಲೆಯ ಸರಕಿಗೆ ಆ ಸೌಲಭ್ಯವಿಲ್ಲ. ರೇಷ್ಮೆಗೂಡಿನೊಳಗೆ ಇರುವುದು ಜೀವಂತ ಕೋಶಾವಸ್ಥೆಯ ಹುಳು. ಚಂದ್ರಿಕೆಯಿಂದ ಬಿಡಿಸಿ ತಂದ ಗೂಡನ್ನು ಕೆಲವೇ ದಿನಗಳಲ್ಲಿ ಒಣಗಿಸಬೇಕು ಅಥವಾ ಬೇಯಿಸಬೇಕು. ತಡವಾದರೆ ಪತಂಗ ಗೂಡನ್ನು ಭೇದಿಸಿ ಹೊರಬರುತ್ತದೆ. ತೂತಾದ ಗೂಡಿನಿಂದ ಅಖಂಡ ಎಳೆ ದೊರೆಯದು. ಅಷ್ಟರೊಳಗೂ ಗೂಡಿನ ತೇವ ಆರುತ್ತಾ ತೂಕ ಇಳಿಯುತ್ತಲೇ ಇರುತ್ತದೆ. ಆ ನಷ್ಟ ನೇರವಾಗಿ ಬೆಳೆಗಾರನ ಪಾಲಿಗೆ ಸೇರುತ್ತದೆ. ಇತ್ತ ರೀಲರ್‌ನ ಬಾಯ್ಲರಿಗೆ ಬೆಂಕಿ ಹಾಕಿ, ಕೂಲಿಯಾಳುಗಳನ್ನು ಕೂರಿಸಿ ಆಗಿರುತ್ತದೆ. ಗೂಡು ಬಾರದಿದ್ದರೂ ಸೌದೆ ಮತ್ತು ಕೂಲಿಯ ವೆಚ್ಚ ತಪ್ಪದು.

ಚಿಂತಾಮಣಿಯ ಮಂಡಿಗೆ ಬರುವ ಟೊಮೆಟೊ, ಚಿಕ್ಕಬಳ್ಳಾಪುರಕ್ಕೆ ಬರುವ ಹೂವು ಮತ್ತು ದ್ರಾಕ್ಷಿಗಳ ಸ್ಥಿತಿಯೂ ಇದೇ. ಗೌರಿಬಿದನೂರಿನ ಜವಳಿ ಘಟಕಗಳಲ್ಲಿ ಸರಕು ಕೊಳೆಯದಿದ್ದರೂ, ರವಾನೆಯ ದಾಖಲೆ ಸಿದ್ಧವಾಗದೆ ಲಾರಿ ಗೇಟಿನೊಳಗೇ ನಿಂತರೆ ಹಡಗಿನ ದಿನ ತಪ್ಪುತ್ತದೆ. ಹೀಗಾಗಿ ದತ್ತಾಂಶ ಸಂಗ್ರಹ ಜಾಲದ ಆರೋಗ್ಯವು ಕೇವಲ ಗಣಕ ತಜ್ಞರಿಗೆ ಸಂಬಂಧಿಸಿದ ವಿಷಯವೆಂದು ವ್ಯಾಪಾರಿ ಸಮುದಾಯವು ಕೈತೊಳೆದುಕೊಳ್ಳುವಂತಿಲ್ಲ.

ಸಂಗ್ರಹ ಜಾಲವೆಂದರೇನು?

ಒಂದೇ ಗಣಕದ ಹೊಟ್ಟೆಯೊಳಗೆ ಒಂದೇ ಡಿಸ್ಕ್ ಇರುವುದು ಸಣ್ಣ ಅಂಗಡಿಯ ವ್ಯವಸ್ಥೆ. ವಹಿವಾಟು ಬೆಳೆದಂತೆ ಹಲವು ಸರ್ವರ್‌ಗಳು ಒಂದೇ ದೊಡ್ಡ ಡಿಸ್ಕ್ ಭಂಡಾರವನ್ನು ಹಂಚಿಕೊಳ್ಳುವುದು ಲಾಭಕರ. ಅವನ್ನು ಜೋಡಿಸಲು ಹುಟ್ಟಿಕೊಂಡ ಪ್ರತ್ಯೇಕ ಜಾಲವೇ ಸಂಗ್ರಹ ಜಾಲ. ತಂತ್ರಜ್ಞರ ಆಡುಮಾತಿನಲ್ಲಿ ‘ಸ್ಯಾನ್’. ಈ ಜಾಲದಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವ ಪದ್ಧತಿ ಫೈಬರ್ ಚಾನೆಲ್. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾದ ಈ ಪದ್ಧತಿಯ ವೇಗ ಸೆಕೆಂಡಿಗೆ 1 ಗಿಗಾಬಿಟ್‌ನಿಂದ ಹಂತಹಂತವಾಗಿ ಏರಿ 64 ಗಿಗಾಬಿಟ್ ದಾಟಿದೆ. ಬ್ಯಾಂಕುಗಳು, ಷೇರು ವಿನಿಮಯ ಕೇಂದ್ರಗಳು, ಸರ್ಕಾರಿ ದತ್ತಾಂಶ ಕೇಂದ್ರಗಳು, ದೊಡ್ಡ ಆಸ್ಪತ್ರೆಗಳು ಹಾಗೂ ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿಯೂ ಇದು ಬಳಕೆಯಲ್ಲಿದೆ. ಬೆಂಗಳೂರಿನ ಕಂಪೆನಿಗಳು ಬದಲಾಯಿಸಿ ಮಾರಿದ ಹಳೆಯ ಸ್ವಿಚ್‌ಗಳು ಸಣ್ಣ ಉದ್ದಿಮೆಗಳಿಗೂ ಕಡಿಮೆ ಬೆಲೆಗೆ ದೊರೆಯುವುದುಂಟು.

ಸಾಮಾನ್ಯ ಗಣಕ ಜಾಲಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಸಾಮಾನ್ಯ ಜಾಲದಲ್ಲಿ ದಟ್ಟಣೆಯಾದರೆ ದತ್ತಾಂಶದ ಕಂತುಗಳನ್ನು ಕೈಬಿಟ್ಟು ಮತ್ತೆ ಕಳುಹಿಸಲಾಗುತ್ತದೆ. ಫೈಬರ್ ಚಾನೆಲ್‌ನಲ್ಲಿ ಎದುರಿನವನ ಬಳಿ ಜಾಗವಿದೆಯೆಂದು ಖಾತ್ರಿಯಾದ ಮೇಲೆ ಮಾತ್ರ ಕಂತು ಹೊರಡುತ್ತದೆ. ಇದನ್ನು ವ್ಯಾಪಾರದ ಭಾಷೆಯಲ್ಲಿ ಉದ್ದರಿ ಮಿತಿಯೆನ್ನಬಹುದು. ಕೊಳ್ಳುವವನು ಹಿಂದಿನ ಮಾಲನ್ನು ಇಳಿಸಿಕೊಂಡೆನೆಂದು ತಿಳಿಸಿದಷ್ಟೂ ಹೊಸ ಮಾಲು ಹೊರಡುತ್ತದೆ. ಆತ ಸುಮ್ಮನಾದರೆ ಮಾರುವವನ ಗೋದಾಮಿನಲ್ಲೇ ಮಾಲು ನಿಲ್ಲುತ್ತದೆ. ಈ ಶಿಸ್ತು ಜಾಲದ ಬಲ. ಮುಂದೆ ಹೇಳುವಂತೆ ಅದರ ದೌರ್ಬಲ್ಯವೂ ಇದೇ.

ಮೂರು ನಗರಗಳ ಪಾಠ

ಸಂಗ್ರಹ ವ್ಯವಸ್ಥೆಯ ದೋಷದಿಂದ ವಾಣಿಜ್ಯ ಸ್ತಬ್ಧವಾದ ಪ್ರಸಂಗಗಳು ಕಾಲ್ಪನಿಕವಲ್ಲ. 2021ರ ಫೆಬ್ರವರಿ 24ರಂದು ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಂತಿತು. ಮತ್ತೆ ಆರಂಭವಾದದ್ದು ಮಧ್ಯಾಹ್ನ 3.45ಕ್ಕೆ. ವಿನಿಮಯ ಕೇಂದ್ರವೇ ನೀಡಿದ ವಿವರಣೆಯಂತೆ, ಎರಡು ದೂರಸಂಪರ್ಕ ಕಂಪೆನಿಗಳಿಂದ ಪಡೆದ ಹಲವು ಸಂಪರ್ಕಗಳು ಅಸ್ಥಿರವಾದಾಗ ಸಂಗ್ರಹ ಜಾಲವು ನಿರೀಕ್ಷೆಗೆ ವಿರುದ್ಧವಾಗಿ ವರ್ತಿಸಿ ಸರ್ವರ್‌ಗಳ ಕೈಗೆ ಸಿಗದಂತಾಯಿತು. ಅಪಾಯ ನಿರ್ವಹಣೆಯ ವ್ಯವಸ್ಥೆ ಅದರೊಂದಿಗೇ ಕುಸಿಯಿತು. ಖರೀದಿ-ಮಾರಾಟದ ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ವಹಿವಾಟು ನಡೆಸುವಂತಿರಲಿಲ್ಲ.

ಇದಕ್ಕೆ ಕೆಲವು ತಿಂಗಳ ಹಿಂದೆ, 2020ರ ಅಕ್ಟೋಬರ್ 1ರಂದು, ಟೋಕಿಯೋ ಷೇರು ವಿನಿಮಯ ಕೇಂದ್ರ ದಿನವಿಡೀ ಮುಚ್ಚಿತ್ತು. ಹಂಚಿಕೆಯ ಡಿಸ್ಕ್ ಸಾಧನವೊಂದರ ಮೆಮೊರಿ ಕೆಟ್ಟಿತು. ಅಂತಹ ಸಮಯಕ್ಕೆಂದೇ ಎರಡನೆಯ ಸಾಧನವಿತ್ತು. ಆದರೆ ತಾನಾಗಿ ಅದಕ್ಕೆ ಬದಲಾಗಬೇಕಿದ್ದ ವ್ಯವಸ್ಥೆ ಬದಲಾಗಲಿಲ್ಲ. ಕೈಪಿಡಿಯಲ್ಲಿ ಬರೆದದ್ದಕ್ಕೂ ಯಂತ್ರದ ನಿಜವಾದ ವರ್ತನೆಗೂ ವ್ಯತ್ಯಾಸವಿತ್ತೆಂಬುದು ನಂತರ ತಿಳಿಯಿತು. ಸಿಂಗಪುರದ ಡಿಬಿಎಸ್ ಬ್ಯಾಂಕಿನಲ್ಲಿ 2010ರ ಜುಲೈ 5ರ ಮುಂಜಾನೆ ನಡೆದದ್ದು ಇನ್ನೂ ಬೋಧಪ್ರದ. ಡಿಸ್ಕ್ ಭಂಡಾರದ ಸಂಪರ್ಕ ಕೇಬಲೊಂದರಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿದ್ದ ಸಣ್ಣ ದೋಷವನ್ನು ಸರಿಪಡಿಸಲು ಹೋದವರು ಹಳತಾದ ಕಾರ್ಯವಿಧಾನವನ್ನು ಅನುಸರಿಸಿದ್ದರಿಂದ ಸುಮಾರು ಏಳು ಗಂಟೆ ಕಾಲ ಬ್ಯಾಂಕಿನ ಸೇವೆಗಳು ನಿಂತವು. ಅಲ್ಲಿನ ನಿಯಂತ್ರಣ ಪ್ರಾಧಿಕಾರವು ಬ್ಯಾಂಕು 23 ಕೋಟಿ ಸಿಂಗಪುರ ಡಾಲರುಗಳಷ್ಟು ಹೆಚ್ಚುವರಿ ಬಂಡವಾಳವನ್ನು ತೆಗೆದಿರಿಸುವಂತೆ ಆದೇಶಿಸಿತು.

ಈ ಮೂರೂ ಸಂಸ್ಥೆಗಳಿಗೆ ಹಣದ ಕೊರತೆ ಇರಲಿಲ್ಲ, ಎರಡನೆಯ ದಾರಿಯ ಕೊರತೆಯೂ ಇರಲಿಲ್ಲ. ಎರಡನೆಯ ದಾರಿ ಕಾಗದದ ಮೇಲೆ ಇದೆಯೆಂಬ ನಂಬಿಕೆಯೇ ಸಾಕೆಂದು ಭಾವಿಸಿದ್ದು, ಸಣ್ಣ ದೋಷವನ್ನು ಸಣ್ಣದೆಂದೇ ತಿಳಿದದ್ದು ದುಬಾರಿಯಾಯಿತು.

ಸ್ವಿಚ್ ಹೇಳುವ ಮಾತು

ಫೈಬರ್ ಚಾನೆಲ್ ಸ್ವಿಚ್ ತನ್ನ ಪ್ರತಿಯೊಂದು ಪೋರ್ಟಿನ ಲೆಕ್ಕವನ್ನೂ ಬಿಡದೆ ಬರೆಯುತ್ತದೆ. ಬ್ರೊಕೇಡ್ ಸ್ವಿಚ್‌ಗಳಲ್ಲಿ ‘ಸ್ವಿಚ್‌ಶೋ’ ಎಂಬ ಆದೇಶ ಯಾವ ಪೋರ್ಟು ಜೀವಂತವಾಗಿದೆ ಎಂಬುದನ್ನೂ, ‘ಪೋರ್ಟ್‌ಎರ್‌ಶೋ’ ಎಂಬುದು ದೋಷಗಳ ಪಟ್ಟಿಯನ್ನೂ, ‘ಎಸ್‌ಎಫ್‌ಪಿಶೋ’ ಎಂಬುದು ಬೆಳಕಿನ ಪ್ರಮಾಣವನ್ನೂ ತೋರಿಸುತ್ತವೆ. ಸಿಸ್ಕೊ ಸ್ವಿಚ್‌ಗಳಲ್ಲಿಯೂ ಇವಕ್ಕೆ ಸಮಾನವಾದ ಆದೇಶಗಳಿವೆ. ಇವನ್ನು ಓದಲು ಯಾವ ಹೆಚ್ಚುವರಿ ಉಪಕರಣವೂ ಬೇಡ. ಓದುವ ಕ್ರಮವನ್ನು ಮಾತ್ರ ತಿಳಿದಿರಬೇಕು.

ಮೊದಲನೆಯ ನಿಯಮವೆಂದರೆ, ಅಂಕಿಗಿಂತ ಅಂಕಿಯ ಬೆಳವಣಿಗೆ ಮುಖ್ಯ. ಸರ್ವರ್ ಒಮ್ಮೆ ಆರಿಸಿ ಹೊತ್ತಿಸಿದರೂ, ಕೇಬಲ್ ಕಿತ್ತು ಹಾಕಿದರೂ ಸಂಪರ್ಕ ಕಡಿತದ ಲೆಕ್ಕ ಏರುತ್ತದೆ. ಅದು ರೋಗವಲ್ಲ. ಆದ್ದರಿಂದ ಲೆಕ್ಕವನ್ನು ಒಮ್ಮೆ ಸೊನ್ನೆಗೆ ತಂದು, ದಿನಾಂಕ ಮತ್ತು ಸಮಯವನ್ನು ಬರೆದಿಟ್ಟು, ಒಂದು ಗಂಟೆ ಹಾಗೂ ಒಂದು ದಿನದ ಬಳಿಕ ಮತ್ತೆ ನೋಡಬೇಕು. ಯಾರೂ ಮುಟ್ಟದಿರುವಾಗಲೂ ಏರುತ್ತಿರುವ ಅಂಕಿಯೇ ದೋಷದ ಗುರುತು.

ಎರಡನೆಯದಾಗಿ, ದೋಷ ಎಲ್ಲಿ ಹುಟ್ಟಿತೆಂಬುದನ್ನು ಪಟ್ಟಿಯೇ ಹೇಳುತ್ತದೆ. ದತ್ತಾಂಶದ ಪ್ರತಿ ಕಂತಿನಲ್ಲಿಯೂ ತಾಳೆ ನೋಡುವ ಒಂದು ಅಂಕಿ ಇರುತ್ತದೆ. ಅದು ತಾಳೆಯಾಗದಿದ್ದರೆ ಸಿಆರ್‌ಸಿ ದೋಷವೆಂದು ದಾಖಲಾಗುತ್ತದೆ. ಹಾಳಾದ ಕಂತನ್ನು ಮೊದಲು ಗುರುತಿಸಿದ ಸ್ವಿಚ್ ಅದರ ಬಾಲಕ್ಕೆ ‘ಕೆಟ್ಟದ್ದು’ ಎಂಬ ಗುರುತನ್ನು ಹಾಕಿ ಮುಂದೆ ಕಳುಹಿಸುತ್ತದೆ. ಹೀಗಾಗಿ ಬಾಲ ಸರಿಯಿದ್ದೂ ತಾಳೆ ತಪ್ಪಿದ ಕಂತುಗಳು ಒಂದು ಪೋರ್ಟಿನಲ್ಲಿ ಏರುತ್ತಿದ್ದರೆ ದೋಷ ಆ ಪೋರ್ಟಿಗೆ ಬರುವ ಕೇಬಲಿನಲ್ಲೇ ಇದೆ. ಬಾಲದಲ್ಲಿ ಮೊದಲೇ ಗುರುತು ಬಿದ್ದಿದ್ದರೆ ಕಂತು ಹಿಂದಿನ ಹಂತದಲ್ಲೇ ಹಾಳಾಗಿದೆ. ಒಡೆದ ಮೂಟೆಗೆ ಮೊದಲ ತಪಾಸಣಾ ಠಾಣೆಯಲ್ಲೇ ಸುಣ್ಣದ ಗುರುತು ಹಾಕಿದರೆ ಮುಂದಿನ ಠಾಣೆಯವನ ಮೇಲೆ ಆಪಾದನೆ ಬಾರದು, ಇದೂ ಹಾಗೆಯೇ. ಈ ಒಂದು ವ್ಯತ್ಯಾಸ ತಿಳಿಯದೆ ಒಳ್ಳೆಯ ಕೇಬಲನ್ನೂ ಒಳ್ಳೆಯ ಕಾರ್ಡನ್ನೂ ಬದಲಾಯಿಸಿ ಹಣ ತೆತ್ತವರಿದ್ದಾರೆ.

ಮೂರನೆಯದು ಬೆಳಕಿನ ಅಳತೆ. ಕೇಬಲಿನ ತುದಿಯಲ್ಲಿ ಬೆಳಕನ್ನು ಕಳುಹಿಸುವ ಮತ್ತು ಸ್ವೀಕರಿಸುವ ಎಸ್‌ಎಫ್‌ಪಿ ಎಂಬ ಸಣ್ಣ ಬಿಲ್ಲೆ ತನಗೆ ಬರುತ್ತಿರುವ ಬೆಳಕನ್ನು ಅಳೆದು ಹೇಳುತ್ತದೆ. ಮೂರು ಡೆಸಿಬೆಲ್ ಇಳಿದರೆ ಬೆಳಕು ಅರ್ಧಕ್ಕೆ ಕುಸಿದಿದೆಯೆಂದೇ ಅರ್ಥ. ಕಟ್ಟಡದೊಳಗೆ ಬಳಸುವ ಕೇಬಲಿನ ಬೆಳಕು ಹರಿಯುವ ನಾಳದ ವ್ಯಾಸ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ. ಹತ್ತಿಯ ಧೂಳು ಹಾರುವ ಜವಳಿ ಘಟಕದಲ್ಲಿ, ಸಿಮೆಂಟಿನ ಹುಡಿ ಬೀಳುವ ಪರಿಸರದಲ್ಲಿ, ತೆರೆದಿಟ್ಟ ಕೇಬಲಿನ ತುದಿ ಎಷ್ಟು ಬೇಗ ಕುರುಡಾಗಬಹುದೆಂಬುದನ್ನು ಊಹಿಸಬಹುದು. ಉದ್ದಕ್ಕೂ ಮಿತಿಯಿದೆ. ಓಎಂ3 ವರ್ಗದ ಕೇಬಲ್ 8 ಗಿಗಾಬಿಟ್ ವೇಗದಲ್ಲಿ 150 ಮೀಟರ್ ತಾಳಿದರೆ, 16 ಗಿಗಾಬಿಟ್‌ನಲ್ಲಿ 100 ಮೀಟರ್ ಮಾತ್ರ ತಾಳುತ್ತದೆ. ಹಳೆಯ ಕೇಬಲನ್ನೇ ಇಟ್ಟುಕೊಂಡು ಸ್ವಿಚ್ ಮಾತ್ರ ಹೊಸದು ತಂದವರು ಇದನ್ನು ಗಮನಿಸಬೇಕು. ದೋಷ ಕಂಡಾಗ ಮೊದಲು ತುದಿಯನ್ನು ಶುಚಿಗೊಳಿಸಿ, ಅನಂತರ ಕೇಬಲ್, ಆಮೇಲೆ ಎಸ್‌ಎಫ್‌ಪಿ, ಕೊನೆಗೆ ಪೋರ್ಟು, ಹೀಗೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಲೆಕ್ಕ ನೋಡುವುದು ಸರಿಯಾದ ಕ್ರಮ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ರೋಗ ಹೋದರೂ ಕಾರಣ ತಿಳಿಯದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಂತಾಗುತ್ತದೆ.

ದೂರುವವನೇ ರೋಗಿಯಲ್ಲ

ನಾಲ್ಕನೆಯದು ಅತ್ಯಂತ ಸೂಕ್ಷ್ಮವಾದದ್ದು. ಕೇಬಲು, ಬೆಳಕು ಎಲ್ಲವೂ ಸರಿಯಿದ್ದು, ಒಂದೂ ಸಿಆರ್‌ಸಿ ದೋಷವಿಲ್ಲದೆ, ವ್ಯವಸ್ಥೆ ಮಾತ್ರ ನಿಧಾನವಾಗುವುದುಂಟು. ಉದಾಹರಣೆಗೆ ಒಂದು ಕಾರ್ಖಾನೆಯಲ್ಲಿ ಡಿಸ್ಕ್ ಭಂಡಾರ 16 ಗಿಗಾಬಿಟ್ ವೇಗದ್ದು, ಲೆಕ್ಕಪತ್ರದ ಸರ್ವರೂ ಅದೇ ವೇಗದ್ದು, ಆದರೆ ಪ್ರತಿ ತೆಗೆಯುವ ಹಳೆಯ ಸರ್ವರ್ 4 ಗಿಗಾಬಿಟ್ ವೇಗದ್ದು ಎಂದಿಟ್ಟುಕೊಳ್ಳಬಹುದು. ಹಳೆಯ ಸರ್ವರ್ ಹಾಡಹಗಲೇ ದೊಡ್ಡ ಪ್ರಮಾಣದಲ್ಲಿ ದತ್ತಾಂಶ ಕೇಳಿದರೆ ಭಂಡಾರ ವೇಗವಾಗಿ ಸುರಿಯುತ್ತದೆ, ಹಳೆಯ ಸರ್ವರ್ ನಿಧಾನವಾಗಿ ಇಳಿಸಿಕೊಳ್ಳುತ್ತದೆ. ಮೇಲೆ ಹೇಳಿದ ಉದ್ದರಿ ಮಿತಿ ಮುಗಿದು ಕಂತುಗಳು ಸ್ವಿಚ್‌ನೊಳಗೆ ಸಾಲುಗಟ್ಟುತ್ತವೆ. ಆ ಸಾಲಿನ ಹಿಂದೆ ಲೆಕ್ಕಪತ್ರದ ಸರ್ವರಿನ ಕಂತುಗಳೂ ಸಿಕ್ಕಿಬೀಳುತ್ತವೆ. ಟೊಮೆಟೊ ಮಂಡಿಯ ಗೇಟಿನಲ್ಲಿ ಒಂದು ಲಾರಿ ಮಾಲಿಳಿಸುತ್ತಾ ನಿಂತರೆ ಹಿಂದಿರುವ ಇಪ್ಪತ್ತು ಲಾರಿಗಳು ತಮ್ಮ ತಪ್ಪಿಲ್ಲದೆಯೇ ರಸ್ತೆಯಲ್ಲಿ ನಿಲ್ಲುವಂತೆ ಇದು ನಡೆಯುತ್ತದೆ. ಸಾಮಾನ್ಯವಾಗಿ ಅರ್ಧ ಸೆಕೆಂಡಿನಷ್ಟು ಕಾದ ಕಂತನ್ನು ಸ್ವಿಚ್ ಕೈಬಿಡುತ್ತದೆ. ಆಗ ಸರ್ವರ್‌ಗಳಲ್ಲಿ ದೋಷದ ಸಂದೇಶಗಳು ಮೂಡುತ್ತವೆ.

ಇಲ್ಲಿ ದೂರು ಬರುವುದು ಲೆಕ್ಕಪತ್ರದ ವಿಭಾಗದಿಂದ. ತಂತ್ರಜ್ಞನು ಆ ಸರ್ವರನ್ನೇ ಬಿಚ್ಚಿ ನೋಡುತ್ತಾನೆ, ಹೊಸ ಮೆಮೊರಿ ಹಾಕಿಸುತ್ತಾನೆ. ದೋಷ ಮಾತ್ರ ಇನ್ನೊಂದೆಡೆಯಲ್ಲಿ ಹಾಗೆಯೇ ಇರುತ್ತದೆ. ಯಾವ ಪೋರ್ಟಿನಲ್ಲಿ ಉದ್ದರಿ ಮಿತಿ ಸೊನ್ನೆಗಿಳಿದ ಕಾಲ ಹೆಚ್ಚಾಗಿದೆ ಎಂಬ ಅಂಕಿಯನ್ನು ಸ್ವಿಚ್‌ನಲ್ಲಿ ನೋಡಿದ್ದರೆ ಕಾರಣ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತಿತ್ತು. ಪ್ರತಿ ತೆಗೆಯುವ ಕೆಲಸವನ್ನು ರಾತ್ರಿಗೆ ಬದಲಾಯಿಸುವುದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಸಾಕ್ಷ್ಯವನ್ನು ಅಳಿಸುವ ಅಭ್ಯಾಸ

ತೊಂದರೆಯಾದ ಕೂಡಲೇ ಸ್ವಿಚ್ಚನ್ನು ಆರಿಸಿ ಹೊತ್ತಿಸುವುದು ಎಲ್ಲೆಡೆ ಬೇರೂರಿದ ಅಭ್ಯಾಸ. ಆ ಕ್ಷಣಕ್ಕೆ ವ್ಯವಸ್ಥೆ ಚೇತರಿಸಿಕೊಳ್ಳಬಹುದು. ಆದರೆ ಅದುವರೆಗೆ ಎಣಿಸಿದ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ಕಳವಾದ ಅಂಗಡಿಯನ್ನು ಪೊಲೀಸರು ಬರುವ ಮುನ್ನವೇ ಗುಡಿಸಿ ಸಾರಿಸಿದಂತೆ ಇದು. ಮೊದಲು ‘ಸಪೋರ್ಟ್‌ಸೇವ್’ ಎಂಬಂತಹ ಆದೇಶದಿಂದ ಸಮಸ್ತ ದಾಖಲೆಯನ್ನೂ ಬೇರೊಂದು ಗಣಕಕ್ಕೆ ಉಳಿಸಿಕೊಂಡು, ಅನಂತರವೇ ಸ್ವಿಚ್ಚನ್ನು ಮುಟ್ಟಬೇಕೆಂಬ ನಿಯಮ ಪ್ರತಿ ಘಟಕದಲ್ಲಿಯೂ ಗೋಡೆಯ ಮೇಲೆ ಬರೆದಿರಬೇಕು.

ಸಮಯದ ಹೊಂದಾಣಿಕೆಯೂ ಅಷ್ಟೇ ಮುಖ್ಯ. ಸ್ವಿಚ್‌ನ ಗಡಿಯಾರ ಹತ್ತು ನಿಮಿಷ ಮುಂದೆ, ಸರ್ವರಿನದು ಐದು ನಿಮಿಷ ಹಿಂದೆ ಇದ್ದರೆ ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಬ್ರಹ್ಮನೂ ಹೇಳಲಾರ. ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಯ ಗಡಿಯಾರಗಳನ್ನು ರಾಷ್ಟ್ರೀಯ ಸಮಯಕ್ಕೆ ಹೊಂದಿಸಿಡಬೇಕು, ದಾಖಲೆಗಳನ್ನು 180 ದಿನ ಉಳಿಸಿಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದೇ ನಿರ್ದೇಶನ ನೀಡಿದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಅದೇ ವರ್ಷ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ನೀಡಲಾಗಿತ್ತು. ಆ ಗಡುವು ಎಂದೋ ಮುಗಿದಿದೆ.

ಕೇಳಿಬರುವ ಆಕ್ಷೇಪಗಳು

ಇಷ್ಟೆಲ್ಲ ತೊಡಕು ಸಣ್ಣ ಉದ್ದಿಮೆದಾರನಿಗೇಕೆ, ವಾರ್ಷಿಕ ನಿರ್ವಹಣೆಯ ಗುತ್ತಿಗೆ ಪಡೆದವರು ನೋಡಿಕೊಳ್ಳುತ್ತಾರಲ್ಲ ಎಂಬುದು ಮೊದಲ ಆಕ್ಷೇಪ. ಆದರೆ ಬಹುಪಾಲು ಗುತ್ತಿಗೆಗಳು ಕೆಟ್ಟ ಮೇಲೆ ಸರಿಪಡಿಸುವುದಕ್ಕೆ ಬರೆದವು. ಕೆಡುವ ಮುನ್ನ ನೋಡುವುದಕ್ಕೆ ಬರೆದವಲ್ಲ. ಎರಡು ದಾರಿಗಳಲ್ಲಿ ಒಂದು ಕೆಟ್ಟಾಗ ಕೆಲಸ ಇನ್ನೊಂದರಲ್ಲಿ ಸಾಗುತ್ತಲೇ ಇರುತ್ತದೆ. ಯಾರಿಗೂ ತೊಂದರೆಯ ಅರಿವಾಗದು, ದೂರು ಹೋಗದು, ಗುತ್ತಿಗೆದಾರನೂ ಬರುವುದಿಲ್ಲ. ಎರಡನೆಯ ದಾರಿಯೂ ಕೆಟ್ಟ ದಿನ ಎಲ್ಲವೂ ‘ಇದ್ದಕ್ಕಿದ್ದಂತೆ’ ನಿಲ್ಲುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಗುತ್ತಿಗೆಗೆ ವರ್ಷವರ್ಷವೂ ಹಣ ತೆರುವುದು ವ್ಯಾಪಾರದ ಜಾಣತನವಲ್ಲ.

ಎರಡನೆಯ ಆಕ್ಷೇಪ, ಎಲ್ಲವೂ ಕ್ಲೌಡ್‌ಗೆ ಹೋಗುತ್ತಿರುವಾಗ ಸ್ವಿಚ್‌ನ ಚಿಂತೆ ಅನಗತ್ಯ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಕೇವಲ ಲೆಕ್ಕಪತ್ರ ಬರೆಯುವ ಅಂಗಡಿಗೆ ಸ್ವಂತ ಸಂಗ್ರಹ ಜಾಲದ ಅಗತ್ಯವೇ ಇಲ್ಲ. ಯಾರೂ ಅದನ್ನು ಶೋಕಿಗೆ ಕೊಳ್ಳಬಾರದು. ಆದರೆ ದತ್ತಾಂಶ ಊರು ಬಿಟ್ಟು ಹೋದರೆ ಜವಾಬ್ದಾರಿ ಕೈ ಬದಲಾಯಿಸುತ್ತದೆಯೇ ಹೊರತು ಅಪಾಯ ಮಾಯವಾಗುವುದಿಲ್ಲ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಒಂದೇ ಸೇವಾ ಕಂಪೆನಿಯ ಮೇಲೆ ಸೈಬರ್ ದಾಳಿಯಾದಾಗ ಅದನ್ನು ಅವಲಂಬಿಸಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ದೇಶದ ವಿವಿಧೆಡೆ ಸ್ಥಗಿತಗೊಂಡಿತು. ಇದಲ್ಲದೆ ತೆರಿಗೆ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡಬೇಕಾದ ಹೊಣೆ ವರ್ತಕನದೇ. ‘ಕ್ಲೌಡ್ ಕಂಪೆನಿಯ ಡಿಸ್ಕ್ ಕೆಟ್ಟಿತು’ ಎಂಬ ಉತ್ತರವನ್ನು ಯಾವ ಅಧಿಕಾರಿಯೂ ಒಪ್ಪಲಾರ.

ಮೂರನೆಯ ಆಕ್ಷೇಪ ವೆಚ್ಚದ್ದು. ಸ್ವಿಚ್‌ನ ಲೆಕ್ಕವನ್ನು ಓದುವುದಕ್ಕೆ ಪ್ರತ್ಯೇಕ ಬೆಲೆಯಿಲ್ಲ. ನಾಗಿಯೋಸ್, ಝ್ಯಾಬಿಕ್ಸ್ ಮುಂತಾದ ಮುಕ್ತ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಅಂಕಿ ಮಿತಿ ಮೀರಿದರೆ ಮೊಬೈಲಿಗೆ ಸಂದೇಶ ಬರುವಂತೆ ಅವನ್ನು ಹೊಂದಿಸಬಹುದು. ಬೇಕಾಗಿರುವುದು ತಿಂಗಳಿಗೆ ಒಂದೆರಡು ಗಂಟೆ ಕುಳಿತು ನೋಡುವ ಒಬ್ಬ ವ್ಯಕ್ತಿ ಮತ್ತು ಒಂದು ದಾಖಲೆ ಪುಸ್ತಕ. ಮುಂಜಾಗ್ರತೆಗೆ ಒಂದೆರಡು ಎಸ್‌ಎಫ್‌ಪಿ ಮತ್ತು ಕೇಬಲು ಬೀರುವಿನಲ್ಲಿರಬೇಕು. ಹಳೆಯ ಸ್ವಿಚ್ ಕೊಳ್ಳುವವರು ಮಾತ್ರ ತಯಾರಕರ ಬೆಂಬಲ ಇನ್ನೂ ಉಳಿದಿದೆಯೇ ಎಂದು ಮೊದಲು ವಿಚಾರಿಸಬೇಕು. ಬೆಂಬಲವಿಲ್ಲದ ಯಂತ್ರ ಅಗ್ಗವೆಂದು ಕಂಡರೂ ಕೊನೆಗೆ ದುಬಾರಿಯೇ.

ಆಗಬೇಕಾದದ್ದೇನು?

ವ್ಯಾಪಾರಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನೆ ಮತ್ತು ಮುದ್ರೆ ಕಡ್ಡಾಯ. ಮುದ್ರೆ ಇಲ್ಲದ ತಕ್ಕಡಿಗೆ ದಂಡವಿದೆ. ಆದರೆ ಅದೇ ಮಾರುಕಟ್ಟೆಯ ಹರಾಜು ನಡೆಸುವ ಗಣಕ ವ್ಯವಸ್ಥೆಯ ಎರಡನೆಯ ದಾರಿ ಕೆಲಸ ಮಾಡುತ್ತದೆಯೇ ಎಂದು ಕೊನೆಯ ಬಾರಿ ಯಾವಾಗ ಪರೀಕ್ಷಿಸಲಾಯಿತೆಂಬುದನ್ನು ಆ ವ್ಯಾಪಾರಿಗೆ ಯಾರೂ ತಿಳಿಸುವುದಿಲ್ಲ. ಅಳತೆಯಲ್ಲಿ ಈ ಅಸಮತೋಲನ ಸಲ್ಲದು.

ಆದ್ದರಿಂದ ವಾಣಿಜ್ಯ ಸಂಸ್ಥೆಗಳು ಕೆಲವು ಸ್ಪಷ್ಟ ಬೇಡಿಕೆಗಳನ್ನು ಮುಂದಿಡಬೇಕು. ಮೊದಲನೆಯದಾಗಿ, ಮಾರುಕಟ್ಟೆಗಳ ಗಣಕ ವ್ಯವಸ್ಥೆ ನಿಂತ ಪ್ರತಿ ಸಂದರ್ಭದ ದಿನ, ವೇಳೆ, ಅವಧಿ ಮತ್ತು ಪತ್ತೆಯಾದ ಕಾರಣವನ್ನು ನಮೂದಿಸಿದ ದಾಖಲೆಯನ್ನು ಪ್ರತಿ ತಿಂಗಳೂ ಮಾರುಕಟ್ಟೆಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಕಾರಣ ತಿಳಿಯುವುದು ಬಹುಮುಖ್ಯ. 2025ರ ಜನವರಿಯಲ್ಲಿ ರಾಜ್ಯದ ಕಾವೇರಿ 2.0 ನೋಂದಣಿ ವ್ಯವಸ್ಥೆ ತತ್ತರಿಸಿದಾಗ ಕಾರಣ ಹೊರಗಿನ ದಾಳಿಯೆಂದು ಸರ್ಕಾರ ತಿಳಿಸಿತು. ಹೊರಗಿನ ದಾಳಿಗೆ ಮದ್ದು ಬೇರೆ, ಒಳಗಿನ ಕೇಬಲಿನ ದೋಷಕ್ಕೆ ಮದ್ದು ಬೇರೆ. ಎರಡನ್ನೂ ‘ಸರ್ವರ್ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಮುಚ್ಚಿದರೆ ಯಾವುದಕ್ಕೂ ಮದ್ದು ದೊರೆಯದು.

ಎರಡನೆಯದಾಗಿ, ರೇಷ್ಮೆಗೂಡಿನಂತಹ ಕಾಯಲಾಗದ ಸರಕಿನ ಮಾರುಕಟ್ಟೆಯಲ್ಲಿ ವ್ಯವಸ್ಥೆ ನಿಗದಿತ ಅವಧಿ ಮೀರಿ ನಿಂತರೆ ಚೀಟಿಯ ಮೂಲಕ ಹರಾಜು ನಡೆಸುವ ಲಿಖಿತ ಕಾರ್ಯವಿಧಾನವಿರಬೇಕು. ಅದನ್ನು ವರ್ಷಕ್ಕೆರಡು ಬಾರಿ ನಿಜವಾಗಿ ನಡೆಸಿ ನೋಡಬೇಕು. ಮೂರನೆಯದಾಗಿ, ಸ್ವಂತ ಸಂಗ್ರಹ ಜಾಲ ಹೊಂದಿದ ಉದ್ದಿಮೆದಾರರು ನಿರ್ವಹಣೆಯ ಗುತ್ತಿಗೆಯಲ್ಲಿ ನಾಲ್ಕು ಅಂಶಗಳನ್ನು ಬರೆಸಿಕೊಳ್ಳಬೇಕು: ತಿಂಗಳಿಗೊಮ್ಮೆ ಪೋರ್ಟುಗಳ ದೋಷದ ಪಟ್ಟಿ ಮತ್ತು ಬೆಳಕಿನ ಅಳತೆಯ ವರದಿ, ಮೂರು ತಿಂಗಳಿಗೊಮ್ಮೆ ರಜೆಯ ದಿನದಂದು ಒಂದು ದಾರಿಯನ್ನು ಬೇಕೆಂದೇ ಮುಚ್ಚಿ ಇನ್ನೊಂದರ ಪರೀಕ್ಷೆ, ಯಾವ ಪೋರ್ಟಿಗೆ ಯಾವ ಯಂತ್ರ ಸೇರಿದೆ ಎಂಬ ನಕ್ಷೆಯ ಪರಿಷ್ಕರಣೆ, ಮತ್ತು ದಾಖಲೆ ಉಳಿಸದೆ ಸ್ವಿಚ್ ಆರಿಸಬಾರದೆಂಬ ಷರತ್ತು. ವರದಿಗೆ ಮಾಲೀಕನ ಸಹಿ ಬಿದ್ದ ಮೇಲೆಯೇ ಹಣ ಪಾವತಿಯಾಗಬೇಕು.

ನಾಲ್ಕನೆಯದು ಮಾನವ ಸಂಪನ್ಮೂಲದ ವಿಷಯ. ಚಿಕ್ಕಬಳ್ಳಾಪುರದಲ್ಲಿ 1986ರಿಂದ ಎಸ್‌ಜೆಸಿ ತಾಂತ್ರಿಕ ಮಹಾವಿದ್ಯಾಲಯವಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಿದೆ. ಇಲ್ಲಿನ ವಿದ್ಯಾರ್ಥಿಗಳು ಓದು ಮುಗಿದೊಡನೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಉದ್ದಿಮೆದಾರರ ಸಂಘಗಳು ಈ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು, ಜಿಲ್ಲೆಯ ತಾಲ್ಲೂಕುಗಳ ಹತ್ತಿಪ್ಪತ್ತು ಘಟಕಗಳಿಗೆ ಒಟ್ಟಾಗಿ ಒಬ್ಬಿಬ್ಬರು ತಂತ್ರಜ್ಞರನ್ನು ನೇಮಿಸಿಕೊಂಡರೆ ವೆಚ್ಚವೂ ಹಂಚಿಹೋಗುತ್ತದೆ, ಸ್ಥಳೀಯ ಯುವಕರಿಗೆ ಕೆಲಸವೂ ದೊರೆಯುತ್ತದೆ. ಒಬ್ಬೊಬ್ಬರೇ ಮಾಡಲಾಗದ ಕೆಲಸವನ್ನು ಒಟ್ಟಾಗಿ ಮಾಡುವುದಕ್ಕಾಗಿಯೇ ಸಂಘಗಳಿರುವುದು.

ಶಿಡ್ಲಘಟ್ಟದ ನುರಿತ ರೀಲರ್ ಬಿಸಿನೀರಿನಲ್ಲಿ ತೇಲುವ ಹತ್ತಾರು ಗೂಡುಗಳ ನಡುವೆ ಒಂದು ಎಳೆ ತುಂಡಾದರೂ ಆ ಕ್ಷಣವೇ ಗುರುತಿಸಿ ಹೊಸ ಎಳೆಯನ್ನು ಸೇರಿಸುತ್ತಾನೆ. ನೂಲು ಸಂಪೂರ್ಣ ಕಡಿದ ಮೇಲೆ ನೋಡಿದರಾಯಿತೆಂದು ಆತ ಕಾಯುವುದಿಲ್ಲ. ಕಾದರೆ ನೂಲಿನ ಗುಣಮಟ್ಟವೂ ಬೆಲೆಯೂ ಬೀಳುತ್ತವೆಂದು ಬಲ್ಲ. ದತ್ತಾಂಶದ ಎಳೆಗಳ ವಿಷಯದಲ್ಲಿಯೂ ಇಂತಹ ನಿಗಾ ಅಸಾಧ್ಯವೇನಲ್ಲ. ಮುಂದಿನ ತಿಂಗಳು ನಿರ್ವಹಣೆಯ ಗುತ್ತಿಗೆ ನವೀಕರಣಕ್ಕೆ ಬಂದಾಗ ಮೇಲಿನ ನಾಲ್ಕು ಷರತ್ತುಗಳನ್ನು ಬರೆಸುವುದು, ಮಾರುಕಟ್ಟೆ ಸಮಿತಿಯ ಮುಂದಿನ ಸಭೆಯಲ್ಲಿ ಸ್ಥಗಿತದ ದಾಖಲೆಯನ್ನು ಕೇಳುವುದು, ಇವೆರಡರಿಂದ ಆರಂಭಿಸಬಹುದು.